ಕಂಪೈಲರ್‌ಗೂ ಒಬ್ಬ ಫಿಟ್ಟರ್ ಬೇಕು

ಎಲ್ಲರಿಗೂ ನಮಸ್ಕಾರ. ಊಟ ಆದ್ಮೇಲಿನ ಸೆಷನ್ ನಂಗೆ ಕೊಟ್ಟಿದಾರೆ, ಅದೂ ಕಂಪೈಲರ್ ಬಗ್ಗೆ, ಅಂದ್ರೆ ನಾವು ಬರೆದ ಕೋಡನ್ನ ಪ್ರೊಸೆಸರ್‌ಗೆ ಅರ್ಥ ಆಗೋ ಹಂಗೆ ಬದಲಾಯಿಸೋ ಪ್ರೋಗ್ರಾಮ್ ಬಗ್ಗೆ, ಅದೂ ಕಂಪೈಲರ್ ಒಳಗಿನ ಚೆಂದದ ಭಾಗ ಅಲ್ಲ, ಅದನ್ನ ಕಟ್ಟಿ ಟೆಸ್ಟ್ ಮಾಡೋ ಬಿಲ್ಡ್ ಮಷೀನುಗಳ ಬಗ್ಗೆ, ಸೋ ಯಾರಾದ್ರೂ ತೂಕಡಿಸಿದ್ರೆ ನಾನೇನೂ ಬೇಜಾರ್ ಮಾಡ್ಕೊಳಲ್ಲ.

ನಾನು ಇಲ್ಲೇ ದಾವಣಗೆರೆ ಕೆಟಿಜೆ ನಗರದವನು. ನಮ್ಮಪ್ಪ ಹತ್ತಿ ಮಿಲ್ಲಲ್ಲಿ ಫಿಟ್ಟರ್ ಆಗಿದ್ರು. ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ, ಆ ಕಾಲದ ಮಾತು. ಸ್ಪಿನ್ನಿಂಗ್ ಮಷೀನು ಯಾವ್ದಾದ್ರೂ ಸದ್ದು ಬದಲಾಯಿಸಿದ್ರೆ ಸಾಕು, ಸೂಪರ್‌ವೈಸರ್‌ಗೆ ಗೊತ್ತಾಗೋಕೆ ಮುಂಚೆ ಅಪ್ಪ ಎದ್ದು ಹೋಗಿರ್ತಿದ್ರಂತೆ. ಮಿಲ್ಲು ಮುಚ್ಚೋ ಮುಂಚೆ ಏನಾತು ಅಂದ್ರೆ ಮಷೀನುಗಳು ಇದ್ವು, ಗೊತ್ತಿದ್ದ ಕೈಗಳು ಒಂದೊಂದೇ ರಿಟೈರ್ ಆದ್ವು, ಆಮೇಲೆ ಸಣ್ಣ ರಿಪೇರಿಗೂ ಮಷೀನು ವಾರಗಟ್ಲೆ ನಿಂತ್ಬಿಡೋದು. ಮಷೀನು ಇತ್ತು ಅಂತ ಪುಸ್ತಕದಲ್ಲಿ ಬರೆದಿತ್ತು, ಅಷ್ಟೇ. ಕಂಪೈಲರ್ ಲೋಕದಲ್ಲಿ ‘ಈ ಪ್ಲಾಟ್‌ಫಾರ್ಮ್ ಸಪೋರ್ಟ್ ಮಾಡ್ತೀವಿ’ ಅನ್ನೋ ಪಟ್ಟಿ, ಅಂದ್ರೆ ಯಾವ ಯಾವ ಪ್ರೊಸೆಸರ್, ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುತ್ತೆ ಅನ್ನೋ ಪಟ್ಟಿ, ನೋಡ್ದಾಗೆಲ್ಲ ನಂಗೆ ಇದೇ ನೆನಪಾಗೋದು.

ಮೊದ್ಲು ಒಂದು ಗೊಂದಲ ಬಿಡಿಸ್ಬಿಡ್ತೀನಿ. ಕಂಪೈಲರ್ ಅನ್ನೋದನ್ನ ಕಂಪೈಲ್ ಮಾಡೋದು ಯಾರು? ಮೊಸರು ಮಾಡೋಕೆ ಹೆಪ್ಪು ಬೇಕು, ಹೆಪ್ಪು ಅಂದ್ರೆ ಮೊಸರೇ. ಹಂಗೇ ಇದು. ರಸ್ಟ್ ಭಾಷೆಯ ಮೊದಲ ಕಂಪೈಲರ್ ಓಕ್ಯಾಮಲ್ ಅನ್ನೋ ಬೇರೆ ಭಾಷೇಲಿತ್ತು, 2011ರಲ್ಲಿ ರಸ್ಟ್ ತನ್ನನ್ನ ತಾನೇ ಕಂಪೈಲ್ ಮಾಡ್ಕೊಳ್ತು, ಅವತ್ತಿಂದ ಹಿಂದಿನ ಬಿಲ್ಡೇ ಮುಂದಿನ ಬಿಲ್ಡ್‌ಗೆ ಹೆಪ್ಪು. ಗೋ ಭಾಷೆನೂ 1.4ರ ತನಕ ಸಿ ಭಾಷೆಯ ಕಂಪೈಲರ್ ನೆಚ್ಕೊಂಡಿತ್ತು, 2015ರ 1.5ರಲ್ಲಿ ತನ್ನ ಹೆಪ್ಪು ತಾನೇ ಇಟ್ಕೊಳ್ತು. ಜಿಸಿಸಿ ಅನ್ನೋ ಹಳೇ ಸಿ ಕಂಪೈಲರಿನವರದ್ದು ಇನ್ನೂ ಮಜಾ ಐತೆ. ಹಳೇ ಕಂಪೈಲರಿಂದ ಒಂದು ಸಲ ಕಟ್ತಾರೆ, ಹುಟ್ಟಿದ್ದರಿಂದ ಎರಡನೇ ಸಲ, ಅದರಿಂದ ಮೂರನೇ ಸಲ, ಆಮೇಲೆ ಎರಡನೇದನ್ನೂ ಮೂರನೇದನ್ನೂ ಪಕ್ಕ ಪಕ್ಕ ಇಟ್ಟು ಬೈಟ್ ಬೈಟ್ ಹೋಲಿಸ್ತಾರೆ. ಎರಡಕ್ಕೂ ಸೋರ್ಸ್, ಅಂದ್ರೆ ಮನುಷ್ಯರು ಬರೆದ ಕೋಡು, ಒಂದೇ, ಬೇರೆ ಬೇರೆ ಬಂತು ಅಂದ್ರೆ ಕಂಪೈಲರ್ ತನ್ನನ್ನ ತಾನೇ ತಪ್ಪಾಗಿ ಕಂಪೈಲ್ ಮಾಡ್ಕೊಂಡೈತೆ ಅಂತ ಅನುಮಾನ ಪಡ್ಬೇಕು. ಹೆಪ್ಪೇ ಕೆಟ್ಟಿದ್ರೆ ಏನ್ ಗತಿ ಅಂತ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಕಟ್ಟಿದವರಲ್ಲಿ ಒಬ್ರಾದ ಕೆನ್ ಥಾಂಪ್ಸನ್ 1984ರಲ್ಲೇ ಬರೆದಿಟ್ಟಿದಾರೆ, ಸೋರ್ಸ್ ಕೋಡಲ್ಲಿ ಒಂದು ಸಾಲೂ ಕಾಣಿಸ್ದೇ ಕಂಪೈಲರ್ ಒಳಗೆ ಕಳ್ಳ ಕೂತಿರಬಹುದು ಅಂತ. ಮನೆಗೆ ಹೋಗಿ ಓದ್ರಿ, ಮೂರೇ ಪೇಜು, ರಾತ್ರಿ ನಿದ್ದೆ ಬರಲ್ಲ.

ಹೊಸ ಪ್ರೊಸೆಸರ್ ಬಂದಾಗ ಆ ಮನೇಲಿ ಮೊಸರೇ ಇರಲ್ವಲ್ಲ, ಆಗ ಪಕ್ಕದ ಮನೆಯಿಂದ ಇಸ್ಕೊಂಡು ಬರ್ಬೇಕು, ಅದೇ ಕ್ರಾಸ್ ಕಂಪೈಲ್, ಒಂದು ಪ್ರೊಸೆಸರ್ ಮೇಲೆ ಕೂತು ಇನ್ನೊಂದಕ್ಕೆ ಕಟ್ಟೋದು.

ಈಗ ದಿನಾ ನಡಿಯೋದು ಹೇಳ್ತೀನಿ. ಯಾರೋ ಒಬ್ರು ಕಂಪೈಲರ್ ಕೋಡಿಗೆ ಒಂದು ಬದಲಾವಣೆ ಕಳಿಸ್ತಾರೆ. ಅವರ ಲ್ಯಾಪ್‌ಟಾಪಲ್ಲಿ ಓಡೈತೆ. ಆದ್ರೆ ನಾವು ಅದನ್ನ ವಿಂಡೋಸು, ಮ್ಯಾಕು, ಲಿನಕ್ಸು, ಇಂಟೆಲ್ಲು, ಆರ್ಮು ಅನ್ನೋ ಪ್ರೊಸೆಸರ್‌ಗಳು, 32 ಬಿಟ್ಟು, 64 ಬಿಟ್ಟು ಎಲ್ಲಾ ಕಡೆ ಕಟ್ಟಿ ನೋಡ್ಬೇಕು. ರಸ್ಟ್ ಶುರು ಮಾಡಿದ ಗ್ರೇಡನ್ ಹೋರ್ ಒಂದು ನಿಯಮ ಹಾಕಿದ್ರು, ಮೈನ್ ಬ್ರ್ಯಾಂಚಲ್ಲಿ, ಅಂದ್ರೆ ಎಲ್ಲರ ಬದಲಾವಣೆ ಬಂದು ಸೇರೋ ಮುಖ್ಯ ಪ್ರತೀಲಿ, ಇರೋ ಕೋಡು ಯಾವಾಗ್ಲೂ ಎಲ್ಲಾ ಟೆಸ್ಟ್ ಪಾಸ್ ಆಗಿರೋ ಕೋಡೇ ಆಗಿರಬೇಕು ಅಂತ. ಕೇಳೋಕೆ ಇಷ್ಟೇನಾ ಅನ್ಸುತ್ತೆ. ಆದ್ರೆ ಹಂಗೆ ಮಾಡ್ಬೇಕಂದ್ರೆ ಬದಲಾವಣೆನ ಸೇರಿಸಿದ್ಮೇಲೆ ಅಲ್ಲ, ಸೇರಿಸೋ ಮುಂಚೆ, ಸೇರಿಸಿದ್ರೆ ಹೆಂಗಿರುತ್ತೋ ಆ ರೂಪದಲ್ಲೇ ಟೆಸ್ಟ್ ಮಾಡ್ಬೇಕು, ಒಂದಾದ್ಮೇಲೆ ಒಂದು, ಒಂದೊಂದಕ್ಕೂ ಗಂಟೆಗಟ್ಲೆ. ಕ್ಯೂ ಉದ್ದ ಆಗ್ತಾ ಹೋಗುತ್ತೆ. ಅದ್ರಲ್ಲಿ ಒಂದು ಟೆಸ್ಟು ಹತ್ತು ಸಲಕ್ಕೆ ಒಂದ್ಸಲ ಕಾರಣ ಇಲ್ದೇ ಫೇಲ್ ಆಗೋದಿದ್ರಂತೂ, ಅಶೋಕ ರೋಡಲ್ಲಿ ರೈಲ್ವೆ ಗೇಟ್ ಬಿದ್ದಾಗ ಹೆಂಗೆ ಆಂಬುಲೆನ್ಸೂ ನಿಂತಿರ್ತಿತ್ತು ಎತ್ತಿನ ಗಾಡಿನೂ ನಿಂತಿರ್ತಿತ್ತು, ಸೇಮ್ ಹಂಗೆ. ಅದಕ್ಕೇ ರಸ್ಟ್‌ನವರು ಸಣ್ಣ ಸಣ್ಣ ಬದಲಾವಣೆನ ಒಂದು ಕಟ್ಟು ಕಟ್ಟಿ ಒಟ್ಟಿಗೆ ಬಿಡ್ತಾರೆ, ಫೇಲ್ ಆದ್ರೆ ಕಟ್ಟು ಬಿಚ್ಚಿ ಹುಡುಕೋ ಕರ್ಮ ಬೇರೆ.

ಇನ್ನೊಂದು, ಹೊಸಬ್ರಿಗೆ ಆಶ್ಚರ್ಯ ಆಗೋದು. ಕಂಪೈಲರ್ ಕಟ್ಟೋ ಜಾಗ ಹೊಸದಾಗಿರಬಾರದು, ಹಳೇದೇ ಇರಬೇಕು. ಹೊಸ ಲಿನಕ್ಸಲ್ಲಿ ಕಟ್ಟಿದ್ದು ಹಳೇ ಲಿನಕ್ಸಲ್ಲಿ ಎಷ್ಟೋ ಸಲ ಓಡಲ್ಲ, ಪ್ರೋಗ್ರಾಮುಗಳು ನೆಚ್ಕೊಳೋ ಅಲ್ಲಿನ ಸಿ ಲೈಬ್ರರಿಲಿ, ಜಿಲಿಬ್‌ಸಿ ಅಂತಾರೆ ಅದನ್ನ, ಹೊಸ ಫಂಕ್ಷನ್ ಇರಲ್ಲ ನೋಡ್ರಿ. 2022ರಲ್ಲಿ ರಸ್ಟ್ 1.64 ಬಂದಾಗ ‘ಇನ್ಮೇಲೆ ಕನಿಷ್ಠ ಜಿಲಿಬ್‌ಸಿ 2.17 ಬೇಕು’ ಅಂತ ಘೋಷಣೆ ಮಾಡಿದ್ರು, ಆ 2.17 ಬಂದಿದ್ದು 2012ರಲ್ಲಿ. ಅಂದ್ರೆ ಹತ್ತು ವರ್ಷ ಹಳೇದನ್ನ ಹೊಸ ಮಿನಿಮಮ್ ಅಂತ ಅನೌನ್ಸ್ ಮಾಡೋಕೂ ಹಿಂದೆ ಮುಂದೆ ನೋಡ್ಬೇಕು.

ಸರಿ, ಸಪೋರ್ಟ್ ಅಂದ್ರೆ ಏನು. ರಸ್ಟಲ್ಲಿ ಮೂರು ದರ್ಜೆ ಇದಾವೆ. ಮೊದಲ್ನೇದು, ಖಂಡಿತ ಓಡುತ್ತೆ, ಪ್ರತಿ ಬದಲಾವಣೆಗೂ ಟೆಸ್ಟ್ ಮಾಡಿರ್ತಾರೆ. ಎರಡನೇದು, ಖಂಡಿತ ಬಿಲ್ಡ್ ಆಗುತ್ತೆ, ಓಡುತ್ತೆ ಅಂತ ಗ್ಯಾರಂಟಿ ಇಲ್ಲ. ಮೂರನೇದು, ಕೋಡ್ ಐತೆ, ನೀವುಂಟು ನಿಮ್ಮ ಹಣೆಬರಹ ಉಂಟು. ಜನ ಈ ಎರಡನೇದನ್ನ ಸರಿಯಾಗಿ ಓದಲ್ಲ. ಬಿಲ್ಡ್ ಆಗೋದಕ್ಕೂ ಓಡೋದಕ್ಕೂ ಎಷ್ಟು ದೂರ ಅಂತ ಕೆಲಸ ಮಾಡಿದೋರಿಗೇ ಗೊತ್ತು. ಈ ದರ್ಜೆ ಶಾಶ್ವತನೂ ಅಲ್ಲ. ಇಂಟೆಲ್ ಮ್ಯಾಕ್ ಇಷ್ಟು ವರ್ಷ ಮೊದಲ ದರ್ಜೇಲಿತ್ತು, 2025ರ ಸೆಪ್ಟೆಂಬರ್‌ನಲ್ಲಿ ಬಂದ 1.90ರಲ್ಲಿ ಎರಡಕ್ಕೆ ಇಳಿಸಿದ್ರು. ಕೋಡಲ್ಲಿ ಏನೂ ಕೆಟ್ಟಿರಲಿಲ್ಲ, ಫ್ರೀಯಾಗಿ ಸಿಗ್ತಿದ್ದ ಟೆಸ್ಟ್ ಮಷೀನುಗಳು ನಿಲ್ಲೋ ಹಂತಕ್ಕೆ ಬಂದಿದ್ವು. ಗೋದವರು 2023ರ 1.21ರಲ್ಲಿ ವಿಂಡೋಸ್ 7 ಬಿಟ್ರು. ನಮ್ಮ ಚೌಕಿಪೇಟೆ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರ್ಕೊಡೋ ಹುಡುಗ್ರು ಇಲ್ಲಿದ್ರೆ ಅವರಿಗೆ ಇದರ ನೋವು ಗೊತ್ತಿರುತ್ತೆ, ಅಂಗಡಿ ಸಾಹುಕಾರ್ರು ಕಂಪ್ಯೂಟರ್ ಬದಲಾಯಿಸು ಅಂದ್ರೆ ನಿನ್ನನ್ನೇ ಬದಲಾಯಿಸ್ತೀನಿ ಅಂತಾರೆ. ಆದ್ರೂ ನಾನು ಬಿಟ್ಟಿದ್ದು ಸರಿ ಅಂತೀನಿ. ಟೆಸ್ಟ್ ಮಾಡೋರು ಇಲ್ದೇ ಹೆಸರು ಮಾತ್ರ ಪಟ್ಟೀಲಿ ಇಡೋದು ಅದಕ್ಕಿಂತ ಮೋಸ.

ನನ್ನ ಕಥೆಗೆ ಬರ್ತೀನಿ. ನಾನು ಕೈ ಜೋಡ್ಸಿರೋ ಒಂದು ಕಂಪೈಲರ್‌ಗೆ, ಹೆಸರು ಬೇಡ, ಆರ್ಮ್ ಚಿಪ್ ಇರೋ ಒಂದು ಸಣ್ಣ ಕಂಪ್ಯೂಟರ್ ಬೋರ್ಡನ್ನ ನಮ್ಮನೆ ಅಟ್ಟದ ಮೇಲೆ ಇಟ್ಟೀನಿ, ದಿನಾ ರಾತ್ರಿ ಬಿಲ್ಡ್ ಮಾಡುತ್ತೆ. ಎಮ್ಯುಲೇಟರ್‌ನಲ್ಲಿ ಓಡಿಸ್ಬಹುದಲ್ಲ ಅಂತ ಕೇಳ್ತೀರಿ. ಓಡಿಸ್ಬಹುದು, ನಿಧಾನ, ಅದಿರ್ಲಿ, ಇಂಟೆಲ್ ಮೇಲೆ ಕೂತು ಆರ್ಮ್ ವೇಷ ಹಾಕಿದ್ರೆ ಕೆಲವು ಬಗ್ ಸಿಗೋದೇ ಇಲ್ಲ. ಮೆಮೊರಿಗೆ ಬರೆದಿದ್ದು ಯಾವ ಕ್ರಮದಲ್ಲಿ ಬೇರೆ ಕೋರ್‌ಗೆ ಕಾಣುತ್ತೆ ಅನ್ನೋದ್ರಲ್ಲಿ ಇಂಟೆಲ್ ಬಹಳ ಶಿಸ್ತು, ಆರ್ಮ್ ಸಡಿಲ, ಆ ಸಡಿಲದಲ್ಲಿ ಹುಟ್ಟೋ ಬಗ್ ನಿಜವಾದ ಚಿಪ್ ಮೇಲೇ ಹಿಡೀಬೇಕು.

ಹೋದ ವರ್ಷ ಏಪ್ರಿಲ್‌ನಲ್ಲಿ ಆ ಬೋರ್ಡಿನ ಬಿಲ್ಡ್ ಕೆಂಪಾತು. ಒಂದೇ ಟೆಸ್ಟ್ ಫೇಲು. ಬಾಕಿ ಎಲ್ಲಾ ಮಷೀನು ಹಸಿರು. ಟೀಮಲ್ಲಿ ಎಲ್ರೂ ನಿನ್ನ ಬೋರ್ಡೇ ಹಳೇದು ಅಂದ್ರು, ನಂಗೂ ಹಂಗೇ ಅನ್ಸ್ತು, ನಮ್ಮೂರ ಬಿಸಿಲಿಗೆ ಅಟ್ಟ ಅಂದ್ರೆ ಒಲೆ ಇದ್ದಂಗೆ. ಟೇಬಲ್ ಫ್ಯಾನ್ ಇಟ್ಟೆ. ಮೆಮೊರಿ ಕಾರ್ಡ್ ಬದಲಾಯಿಸ್ದೆ. ಅಡಾಪ್ಟರ್ ಬದಲಾಯಿಸ್ದೆ. 11 ದಿನ ಕೆಂಪು, ಆಮೇಲಾಮೇಲೆ ಯಾರೂ ನೋಡೋದೇ ಬಿಟ್ರು, ನಾನೂ ಬಿಟ್ಟೆ ಅನ್ನಿ. ಅಪ್ಪ ಒಂದಿನ ಊಟ ಮಾಡ್ತಾ ‘ಏನಪ್ಪಾ ಅದು ಫ್ಯಾನ್ ಹಾಕ್ಕೊಂಡು ಮಲಗೈತಲ್ಲ, ಎಲ್ಲಾ ಕೆಲಸನೂ ಕೆಟ್ಟೈತಾ ಒಂದೇ ಕೆಟ್ಟೈತಾ?’ ಅಂದ್ರು. ಒಂದೇ ಅಂದೆ. ‘ಹಂಗಾದ್ರೆ ಬಿಸಿ ಅಲ್ಲ ಬಿಡು, ಬಿಸಿ ಆದ್ರೆ ದಿನಕ್ಕೊಂದು ಕಡೆ ಕೆಡುತ್ತೆ’ ಅಂದ್ರು.

ಅವತ್ತು ರಾತ್ರಿ ಆ ಟೆಸ್ಟ್ ತೆಗೆದು ಓದ್ದೆ. ಲೋಕಲ್ ಟೈಮ್‌ಗೂ ಯುಟಿಸಿ ಅನ್ನೋ ಜಾಗತಿಕ ಪ್ರಮಾಣ ಸಮಯಕ್ಕೂ ಇರೋ ವ್ಯತ್ಯಾಸ ಪೂರ್ತಿ ಗಂಟೆಗಳಲ್ಲೇ ಇರುತ್ತೆ ಅಂತ ಅಂದ್ಕೊಂಡು ಬರೆದಿದ್ದ ಟೆಸ್ಟ್ ಅದು. ನಮ್ಮದು ಐದೂವರೆ ಗಂಟೆ! ಉಳಿದ ಮಷೀನೆಲ್ಲ ಯುಟಿಸಿಲಿ ಓಡ್ತಿದ್ವು, ನಾನೊಬ್ಬನೇ ನನ್ನ ಅನುಕೂಲಕ್ಕೆ ಅಂತ ಇಂಡಿಯಾ ಟೈಮ್ ಇಟ್ಟಿದ್ದೆ. ಎರಡು ಸಾಲಲ್ಲಿ ಸರಿ ಹೋತು. ಆಮೇಲೆ ಟೀಮಲ್ಲಿ ಒಬ್ರು ಬಹಳ ನಯವಾಗಿ, ಇನ್ಮೇಲೆ ನಿನ್ನ ಬೋರ್ಡನ್ನೂ ಯುಟಿಸಿಗೆ ಹಾಕು, ಎಲ್ಲಾ ಒಂದೇ ಥರ ಇರ್ಲಿ ಅಂದ್ರು. ನಾನು ಒಪ್ಪಲಿಲ್ಲ. ಎಲ್ಲಾ ಒಂದೇ ಥರ ಇದ್ರೆ ಇಷ್ಟು ಮಷೀನು ಯಾಕೆ ಬೇಕು, ಒಂದು ಸಾಕಲ್ವಾ.

ಗೋ ಪ್ರಾಜೆಕ್ಟಲ್ಲಿ ಒಂದು ಒಳ್ಳೇ ನಿಯಮ ಐತೆ, ಯಾವುದೇ ಹೊಸ ಪ್ಲಾಟ್‌ಫಾರ್ಮ್ ಸೇರಿಸ್ಬೇಕು ಅಂದ್ರೆ ಓಡ್ತಿರೋ ಬಿಲ್ಡ್ ಮಷೀನ್ ಒಂದು ಇರಬೇಕು, ನೋಡ್ಕೊಳೋಕೆ ಕನಿಷ್ಠ ಇಬ್ರು ಡೆವಲಪರ್ಸ್ ಹೆಸರು ಕೊಟ್ಟಿರಬೇಕು. ಯಾಕೆ ಇಬ್ರು ಅಂತ ಕೇಳ್ಬೇಡ್ರಿ, ಮದುವೆ ಇರುತ್ತೆ, ಜ್ವರ ಇರುತ್ತೆ, ಕೆಲಸ ಬದಲಾಗುತ್ತೆ. ನಮ್ಮ ಕಂಪೈಲರಲ್ಲಿ ಈ ಬೋರ್ಡ್ ಮುಂದೆ ಸದ್ಯಕ್ಕೆ ಒಂದೇ ಹೆಸರು ಐತೆ, ನಂದು. ಲಿನಕ್ಸ್ ಟರ್ಮಿನಲ್ ಗೊತ್ತಿದ್ರೆ ಸಾಕು, ಕಂಪೈಲರ್ ಥಿಯರಿ ಏನೂ ಬೇಡ, ಲಾಗ್, ಅಂದ್ರೆ ಮಷೀನು ಬರೆದಿಡೋ ವರದಿ, ಓದೋ ತಾಳ್ಮೆ ಬೇಕು. ಯಾರಿಗಾದ್ರೂ ಇಂಟರೆಸ್ಟ್ ಇದ್ರೆ ಸೆಷನ್ ಮುಗಿದ್ಮೇಲೆ ಸಿಗ್ರಿ, ಭಾನುವಾರ ಮನೆಗೆ ಬರ್ರಿ, ಅಟ್ಟ ಹತ್ತಿಸ್ತೀನಿ, ಅಪ್ಪನೂ ಇರ್ತಾರೆ. ಈಗ ಪ್ರಶ್ನೆ ಇದ್ರೆ ಕೇಳ್ರಿ, ಮೈಕ್ ಆ ಕಡೆ ಕೊಡ್ರಪ್ಪಾ.