ರಾತ್ರಿ ಡೀಸೆಲ್, ಬೆಳಿಗ್ಗೆ ತುಪ್ಪ

ಈ ಪುಟ್ಟ ಬಾಟಲಿ ನೋಡಿ. ನಿನ್ನೆ ರಾತ್ರಿ ಇದನ್ನ ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು ಹಾಸ್ಟೆಲ್‌ಗೆ ಹೋದಾಗ ಒಳಗಿದ್ದದ್ದು ನೀರಿನಷ್ಟು ತಿಳಿ ದ್ರವ. ಈಗ ಬೆಳಿಗ್ಗೆ ಏಳೂಕಾಲು, ಬೆಂಗಳೂರಿನ ಡಿಸೆಂಬರ್, ಕಿಟಕಿ ಹಾಕೋದು ಮರೆತಿದ್ದೆ. ಥರ್ಮಾಮೀಟರ್ 16 ಡಿಗ್ರಿ ತೋರಿಸ್ತಿದೆ. ತಲೆಕೆಳಗೆ ಮಾಡ್ತೀನಿ... ಒಂದು ತೊಟ್ಟೂ ಬೀಳಲ್ಲ. ಚಳಿಗಾಲದ ತುಪ್ಪದ ಡಬ್ಬಿ ಥರ ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಮಲಗೋ ಮುಂಚೆ ಅಮ್ಮನಿಗೆ ಫೋನ್ ಮಾಡಿ "ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡಿದೆ ಕಣಮ್ಮಾ" ಅಂತ ಜಂಬ ಬೇರೆ ಕೊಚ್ಚಿಕೊಂಡಿದ್ದೆ.

ಹೊಂಗೆ ನಮಗೆ ಹೊಸದಲ್ಲ. ಬದುವಿನ ಮೇಲೆ ನೆರಳಿಗೆ ಮರ, ತೋಟಕ್ಕೆ ಹಿಂಡಿ, ಅಜ್ಜಿ ಕಾಲದಲ್ಲಿ ದೀಪಕ್ಕೆ ಎಣ್ಣೆ. ಆ ಕಮಟು ವಾಸನೆ ಒಂದು ಸಲ ಕೈಗೆ ಹತ್ತಿದ್ರೆ ಮೂರು ಸಲ ಸೋಪು ಹಾಕಿದ್ರೂ ಹೋಗಲ್ಲ. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನಕ್ಕೆ ಅಂತಲೇ ಒಂದು ಉದ್ಯಾನ ಇದೆ. ಇದೇ ಎಣ್ಣೆಗೆ ಮೆಥನಾಲ್ ಸೇರಿಸಿ ಗ್ಲಿಸರಿನ್ ಬೇರೆ ಮಾಡಿದ್ರೆ ಸಿಗೋದು ಬಯೋಡೀಸೆಲ್, ಅಂದ್ರೆ ಮೀಥೈಲ್ ಎಸ್ಟರ್. ಅದರ ತೂಕದಲ್ಲಿ ಶೇಕಡಾ 11ರಷ್ಟು ಆಮ್ಲಜನಕ ಇನ್ನೂ ಉಳಿದಿರುತ್ತೆ. ಉರಿದು ಶಕ್ತಿ ಕೊಡದ ಆ ಹೊರೆಯನ್ನ ಕಿತ್ತು ಹಾಕೋದೇ ನನ್ನ ಕೆಲಸ. ಕಿತ್ತಾಗ ಉಳಿಯೋದು ಬರೀ ಇಂಗಾಲ, ಹೈಡ್ರೋಜನ್. ಪೆಟ್ರೋಲ್ ಬಂಕಿನ ಡೀಸೆಲ್‌ನಲ್ಲಿರೋ ಜಾತಿಯದೇ ಅಣು.

ಕೀಳೋದಕ್ಕೆ ಲೋಹ ಬೇಕು. ಶಾಲೆಯಲ್ಲಿ 'ವೇಗವರ್ಧಕ' ಅಂತ ಓದಿದ್ವಿ, ಲ್ಯಾಬಲ್ಲಿ ಎಲ್ಲರ ಬಾಯಲ್ಲೂ ಕ್ಯಾಟಲಿಸ್ಟ್. ಇಲ್ಲಿ ಬನ್ನಿ, ತೋರಿಸ್ತೀನಿ. ಈ ಗಿಳಿಹಸಿರು ನೀರು ನಿಕಲ್ ನೈಟ್ರೇಟ್. ಇದನ್ನ ಬಿಳಿ ಅಲ್ಯೂಮಿನಾ ಪುಡಿಗೆ ಕುಡಿಸಿ, ಒಣಗಿಸಿ, ಕುಲುಮೆಯಲ್ಲಿ ಸುಟ್ಟು, ಆಮೇಲೆ ಬಿಸಿ ಹೈಡ್ರೋಜನ್ ಹಾಯಿಸಿದ್ರೆ ಹಸಿರೆಲ್ಲ ಹೋಗಿ ಇದ್ದಿಲ ಬಣ್ಣ. ಆ ಕರಿ ಪುಡಿಯನ್ನ ಗಾಳಿಗೆ ಬಿಡಬಾರದು, ಸಾರಜನಕದೊಳಗೇ ಇಡಬೇಕು. ಮೊದಲ ವರ್ಷ ನಾನು ಫಿಲ್ಟರ್ ಪೇಪರ್ ಮೇಲೆ ಒಣಗಲಿ ಅಂತ ಬಿಟ್ಟು ಟೀಗೆ ಹೋದೆ. ವಾಪಸ್ ಬಂದಾಗ ಪೇಪರ್ ನಡುವೆ ಕೆಂಡದ ಅಂಚಿನ ತೂತು. ಅವತ್ತಿನಿಂದ ಟೀ ಆಮೇಲೆ, ಸಾರಜನಕ ಮೊದಲು.

ನಿಕಲ್‌ಗೂ ನಮ್ಮ ಅಡುಗೆಮನೆಗೂ ಹಳೇ ನಂಟು. ವನಸ್ಪತಿ ಡಬ್ಬಿ ನೆನಪಿದೆಯಲ್ಲ? ದ್ರವ ಎಣ್ಣೆಗೆ ಹೈಡ್ರೋಜನ್ ಕೂಡಿಸಿ ಗಟ್ಟಿ ಮಾಡ್ತಿದ್ದದ್ದು ಇದೇ ನಿಕಲ್. ಲೋಹದ ಪುಡಿ ಇಟ್ಟು ಹೈಡ್ರೋಜನ್ ಕೂಡಿಸೋ ವಿದ್ಯೆಗೇ ಫ್ರಾನ್ಸಿನ ಪಾಲ್ ಸಬಾಟಿಯೇಗೆ 1912ರಲ್ಲಿ ನೊಬೆಲ್ ಬಂತು. ವನಸ್ಪತಿಗೆ ಶಾಖ 200 ಡಿಗ್ರಿಯ ಆಸುಪಾಸು ಸಾಕು. ನಾನು ಈ ಉಕ್ಕಿನ ಪಾತ್ರೆಯಲ್ಲಿ 300 ಡಿಗ್ರಿ ಶಾಖ, 40 ಬಾರ್ ಒತ್ತಡದ ಹೈಡ್ರೋಜನ್ ಕೊಡ್ತೀನಿ. ಆಗ ನಿಕಲ್ ಅಷ್ಟಕ್ಕೇ ನಿಲ್ಲಲ್ಲ, ಆಮ್ಲಜನಕಕ್ಕೂ ಕೈ ಹಾಕುತ್ತೆ.

ಆಮ್ಲಜನಕ ಯಾವ ಬಾಗಿಲಿಂದ ಹೊರಗೆ ಹೋಗುತ್ತೆ ಅನ್ನೋದು ದುಡ್ಡಿನ ಪ್ರಶ್ನೆ. ಲೆಕ್ಕಕ್ಕೆ ಎಣ್ಣೆ-ಕೊಬ್ಬುಗಳಲ್ಲಿ ಸಿಗೋ, 18 ಇಂಗಾಲದ ಸ್ಟಿಯರಿಕ್ ಆಮ್ಲ ತಗೊಳ್ಳಿ. ಆಮ್ಲಜನಕ ನೀರಾಗಿ ಹೋದ್ರೆ 18 ಇಂಗಾಲವೂ ಉಳಿಯುತ್ತೆ, ಆದ್ರೆ ಒಂದು ಅಣುವಿಗೆ ಮೂರು ಹೈಡ್ರೋಜನ್ ಅಣು ಖರ್ಚು. ಕಾರ್ಬನ್ ಡೈಆಕ್ಸೈಡ್ ಆಗಿ ಹೋದ್ರೆ ಹೈಡ್ರೋಜನ್ ಖರ್ಚೇ ಇಲ್ಲ, ಆದ್ರೆ ಒಂದು ಇಂಗಾಲವನ್ನೂ ಜೊತೆಗೆ ಎತ್ಕೊಂಡು ಹೋಗುತ್ತೆ, ಕೈಗೆ ಸಿಗೋದು 17. ಈ ಎರಡನೇ ದಾರಿಯಲ್ಲಿ ಪಲ್ಲಾಡಿಯಂ ನಿಸ್ಸೀಮ. ಫಿನ್ಲೆಂಡಿನ ಓಬೊ ಅಕಾಡೆಮಿಯವರು ಇದ್ದಿಲಿನ ಮೇಲೆ ಪಲ್ಲಾಡಿಯಂ ಕೂರಿಸಿ 2006ರ ಹೊತ್ತಿಗೇ ತೋರಿಸಿದ್ದಾರೆ. ಆದ್ರೆ ಒಂದು ಗ್ರಾಂ ಪಲ್ಲಾಡಿಯಂ ದುಡ್ಡಿಗೆ ಒಂದು ಕಿಲೋ ನಿಕಲ್ ತಂದು ಚಿಲ್ಲರೆನೂ ವಾಪಸ್ ತಗೋಬಹುದು. ನಾನು ನಿಕಲ್ ಬಿಡದೇ ಇರೋದು ಅದಕ್ಕೇ. ಅದಕ್ಕೂ ಆಯಾಸ ಆಗುತ್ತೆ, ಮೈಮೇಲೆ ಮಸಿ ಕೂರುತ್ತೆ. ಮೊದಲ ರನ್‌ನಲ್ಲಿ ಎಸ್ಟರ್ ಹುಡುಕಿದ್ರೂ ಸಿಗಲ್ಲ, ನಾಲ್ಕನೇ ರನ್ ಹೊತ್ತಿಗೆ ದ್ರವದಲ್ಲಿ ಏನೇನಿದೆ ಅಂತ ಬೇರ್ಪಡಿಸಿ ತೋರಿಸೋ ಜಿ.ಸಿ. (ಗ್ಯಾಸ್ ಕ್ರೊಮ್ಯಾಟೊಗ್ರಾಫ್) ಯಂತ್ರದ ಗ್ರಾಫಲ್ಲಿ ಮತ್ತೆ ತಲೆ ಎತ್ತುತ್ತೆ. ಯಾರಾದ್ರೂ ಮೊದಲ ರನ್ ಮಾತ್ರ ತೋರಿಸಿದ್ರೆ ನಾನಂತೂ ನಂಬಲ್ಲ.

ದೊಡ್ಡ ರಿಫೈನರಿಗಳಲ್ಲಿ ಹೆಚ್ಚಾಗಿ ನಿಕಲ್ ಜೊತೆ ಮಾಲಿಬ್ಡಿನಮ್ ಸೇರಿಸಿ, ಗಂಧಕ ಉಣಿಸಿ ಬಳಸ್ತಾರೆ. ಇಲ್ಲೊಂದು ತಮಾಷೆ ಇದೆ. ಕಚ್ಚಾ ತೈಲದಲ್ಲಿ ಗಂಧಕ ತಾನಾಗೇ ಇರುತ್ತೆ. ಸಸ್ಯದ ಎಣ್ಣೆಯಲ್ಲಿ ಇರೋದು ಇಲ್ಲ ಅನ್ನೋಷ್ಟು ಕಮ್ಮಿ. ಹಾಗಾಗಿ ಶುದ್ಧ ಇಂಧನ ಮಾಡೋ ಕಡೆ, ಕ್ಯಾಟಲಿಸ್ಟ್ ಸೊರಗದಿರಲಿ ಅಂತ ಗಂಧಕವನ್ನ ಹೊರಗಿಂದ ತಂದು ಹಾಕಬೇಕು!

ಸರಿ, ತುಪ್ಪದ ವಿಷಯಕ್ಕೆ ಬರೋಣ. 17 ಇಂಗಾಲದ ನೇರ ಸರಪಳಿ 22 ಡಿಗ್ರಿಗೇ ಹೆಪ್ಪುಗಟ್ಟುತ್ತೆ, 18ರದ್ದು 28ಕ್ಕೆ. ಜೋಡಿಸಿಟ್ಟ ಊದುಬತ್ತಿ ಥರ ಒತ್ತೊತ್ತಾಗಿ ಕೂರುತ್ತವೆ. ಅಲ್ಲಲ್ಲಿ ಒಂದೊಂದು ಕವಲು ಮೂಡಿಸಿದ್ರೆ ಹಾಗೆ ಕೂರೋಕಾಗಲ್ಲ, ಹರೀತಾ ಇರುತ್ತೆ. ಕವಲು ಮೂಡಿಸೋಕೆ ಸಣ್ಣ ಸಣ್ಣ ರಂಧ್ರಗಳಿರೋ ಸ್ಯಾಪೊ-11 ಅನ್ನೋ ಪುಡಿ, ಅದರ ಮೇಲೆ ಚೂರೇ ಚೂರು ಪ್ಲಾಟಿನಂ. ಕಾವು ಜಾಸ್ತಿಯಾದ್ರೆ ಕವಲಿನ ಬದಲು ಸರಪಳಿಯೇ ತುಂಡಾಗುತ್ತೆ. ವಿಮಾನದ ಇಂಧನಕ್ಕೆ ಹಾಗೆ ತುಂಡಾಗೋದೂ ಬೇಕು, ಹೆಪ್ಪಂತೂ ಆಗಲೇಬಾರದು. 2018ರ ಆಗಸ್ಟ್ 27ರಂದು ಡೆಹ್ರಾಡೂನಿಂದ ದೆಹಲಿಗೆ ಹಾರಿದ ಸ್ಪೈಸ್‌ಜೆಟ್ ವಿಮಾನದಲ್ಲಿ ಜಟ್ರೋಫಾ ಎಣ್ಣೆಯ ಇಂಧನ ಬೆರೆಸಿದ್ರು. ಅದನ್ನ ತಯಾರಿಸಿದ್ದು ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ.

ಇದು ಮೂರು ದಿನ ಆದಮೇಲೆ ತೆಗೆದ ಶಾಟ್. ಪ್ಲಾಟಿನಂ ಹಾಕಿದ ರನ್. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟಿದ್ದೆ, 4 ಡಿಗ್ರಿ. ಓರೆ ಮಾಡ್ತೀನಿ... ಹರೀತಿದೆ! ತಳದಲ್ಲಿ ಸ್ವಲ್ಪ ಮೋಡ ಕವಿದ ಹಾಗಿದೆ, ಆದ್ರೆ ಹರೀತಿದೆ.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ನಿಮ್ಮಪ್ಪನ ಟಿಲ್ಲರಿಗೆ ಎಷ್ಟು ದಿನ ಬರುತ್ತೆ?" ಅಂದ್ರು. ಒಟ್ಟು ಆರು ಮಿಲಿ ಇದೆ. ಟಿಲ್ಲರ್ ಒಂದು ಸಲ ಕೆಮ್ಮೋಕೂ ಸಾಲಲ್ಲಮ್ಮಾ ಅಂದೆ.