ಚಿಕ್ಕಮಗಳೂರಿನಿಂದ ಹಿಮಕ್ಕೆ: 12ನೇ ನಂಬರ್ ಗಂಬೂಟಿನ ಕಥೆ

ಇದು ಮುಳ್ಳಯ್ಯನಗಿರಿ, ಜನವರಿ, ಬೆಳಗಿನ ಏಳು ಗಂಟೆ. ಏನೂ ಕಾಣುತ್ತಿಲ್ಲ ಅಂತ ಬೈಯಬೇಡಿ, ನಮಗೂ ಕಾಣುತ್ತಿರಲಿಲ್ಲ. ಆ ಬಿಳಿ ಮಂಜಿನ ನಡುವೆ ಕೆಂಪು ಜಾಕೆಟ್ ಒಂದು ಕುಣಿಯುತ್ತಿದೆಯಲ್ಲ, ಅದು ನನ್ನ ಗೆಳೆಯ. ಹೆಸರು ಹೇಳಬೇಡ ಅಂದಿದ್ದಾನೆ. ಅವರಮ್ಮ ಯೂಟ್ಯೂಬ್ ನೋಡುತ್ತಾರೆ, ಇವನಿಗೆ ಪರೀಕ್ಷೆ ಹತ್ತಿರ ಇದೆ. ಹಾಸನದ ಹಾಸ್ಟೆಲ್‌ನಲ್ಲಿ ಎಲ್ಲರೂ ಗುರು ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಊರು ತಾಂಜಾನಿಯಾದ ದಾರ್ ಎಸ್ ಸಲಾಮ್. ಸಮುದ್ರದ ದಡ, ವರ್ಷಪೂರ್ತಿ ಬೆವರು. ಇಲ್ಲಿಂದ ವಾಪಸ್ ಹೋಗುವುದರೊಳಗೆ ಹಿಮ ಮುಟ್ಟಬೇಕು ಅಂತ ಹಠ ಹಿಡಿದಿದ್ದ. ಅದಕ್ಕೇ ಹಿಮಾಚಲದ ಮನಾಲಿಗೆ ಹೊರಟಿದ್ದೇವೆ, ಇವತ್ತು ಚಳಿಯ ರಿಹರ್ಸಲ್.

ಜಾಕೆಟ್ ಜಿಪ್ ಕುತ್ತಿಗೆ ತನಕ ಎಳೆದುಕೊಂಡು, 'ಅಲ್ಲಿ ಇದಕ್ಕಿಂತ ಚಳಿ ಇರುತ್ತಾ?' ಅಂತ ಕೇಳುತ್ತಿದ್ದಾನೆ. ಗಾಳಿಗೆ ಮೈಕ್ ಕೈಕೊಟ್ಟಿದೆ, ಅದಕ್ಕೇ ನಾನು ಹೇಳುತ್ತಿದ್ದೇನೆ. ಇರುತ್ತದೆ ಗುರು. ಇದು ಚಳಿಯೇ ಅಲ್ಲ, ಬರೀ ಗಾಳಿ.

ಇಲ್ಲೊಂದು ವಿಷಯ. ಮುಳ್ಳಯ್ಯನಗಿರಿ ಎತ್ತರ 1,930 ಮೀಟರ್. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಮನಾಲಿ ಊರು ಇರುವುದು ಸುಮಾರು 2,050 ಮೀಟರ್‌ನಲ್ಲಿ. ನೂರು ಚಿಲ್ಲರೆ ಮೀಟರ್ ವ್ಯತ್ಯಾಸ, ಅಷ್ಟೇ. ಹಾಗಾದರೆ ಅಲ್ಲಿ ಬೀಳುವ ಹಿಮ ಇಲ್ಲಿ ಯಾಕೆ ಬೀಳಲ್ಲ ಅಂತ ಗುರು ಕೇಳಿದ. ನ್ಯಾಯವಾದ ಪ್ರಶ್ನೆ. ಮನಾಲಿ ಭೂಮಧ್ಯರೇಖೆಯಿಂದ 32 ಡಿಗ್ರಿ ಉತ್ತರಕ್ಕಿದೆ, ನಾವು 13 ಡಿಗ್ರಿಯಲ್ಲಿದ್ದೇವೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ಮಾರುತಗಳು ಹಿಮಾಲಯಕ್ಕೆ ಬಂದು ಡಿಕ್ಕಿ ಹೊಡೆದು ಸುರಿಯುತ್ತವೆ. ನಮ್ಮ ತನಕ ಅವು ಬರುವುದೇ ಇಲ್ಲ. ನಮ್ಮಂಥ ಬಿಸಿ ನಾಡಿನಲ್ಲಿ ಗಾಳಿ ಸೊನ್ನೆ ಡಿಗ್ರಿಗೆ ಇಳಿಯಬೇಕಾದರೆ ಸುಮಾರು 5,000 ಮೀಟರ್ ಮೇಲಕ್ಕೆ ಹೋಗಬೇಕು. ಅಂದರೆ ಮುಳ್ಳಯ್ಯನಗಿರಿಯ ಮೇಲೆ ಇನ್ನೂ ಒಂದೂವರೆ ಮುಳ್ಳಯ್ಯನಗಿರಿ ಪೇರಿಸಬೇಕು.

ತಮಾಷೆ ಏನು ಗೊತ್ತಾ? ಅಷ್ಟು ಎತ್ತರದ ಬೆಟ್ಟ ಇರುವುದು ಇವನ ದೇಶದಲ್ಲೇ. ಕಿಲಿಮಂಜಾರೋ, 5,895 ಮೀಟರ್. ಭೂಮಧ್ಯರೇಖೆಯಿಂದ ಬರೀ 3 ಡಿಗ್ರಿ ದಕ್ಷಿಣಕ್ಕೆ, ಆದರೂ ತುದಿಯಲ್ಲಿ ಹಿಮ. 'ಲೋ, ಮನೆಯಲ್ಲೇ ಇಟ್ಕೊಂಡು ಇಲ್ಲಿಗೆ ಬಂದು ಹಿಮ ಕೇಳ್ತೀಯಲ್ಲೋ' ಅಂದೆ. ತಕ್ಷಣ, 'ನೀನು ಜೋಗ ನೋಡಿದ್ದೀಯಾ?' ಅಂದ. ನಾನು ಜೋಗ ನೋಡಿಲ್ಲ. ಮುಂದಕ್ಕೆ ಹೋಗೋಣ.

ಇದು ನಮ್ಮ ಅಡುಗೆಮನೆ. ಫ್ರಿಡ್ಜ್ ಹಳೇದು, ಫ್ರೀಜರ್ ಗೋಡೆಗೆಲ್ಲ ಬಿಳಿ ಐಸು ಕಟ್ಟುತ್ತದೆ. ಗುರು ಅದನ್ನು ಚಮಚದಲ್ಲಿ ಕೆರೆದು ಅಂಗೈಯಲ್ಲಿ ಇಟ್ಟುಕೊಂಡಿದ್ದಾನೆ. ನಗಬೇಡಿ. ಟ್ರೇಯಲ್ಲಿನ ಐಸ್ ಕ್ಯೂಬ್ ನೀರು ಗಟ್ಟಿಯಾಗಿ ಆಗಿದ್ದು. ಗೋಡೆಯ ಮೇಲಿನ ಈ ಪುಡಿ ಹಾಗಲ್ಲ. ಬಾಗಿಲು ತೆಗೆದಾಗಲೆಲ್ಲ ಒಳಗೆ ಹೋದ ಗಾಳಿಯ ತೇವ, ನೀರಾಗದೆ ನೇರವಾಗಿ ಐಸಾಗಿ ಕೂತಿದ್ದು. ಮೋಡದಲ್ಲಿ ಹಿಮದ ಹರಳು ಬೆಳೆಯುವುದೂ ಹೀಗೇ, ಆವಿಯಿಂದ. ಹಾಗಾಗಿ ಹಿಮಕ್ಕೆ ಹತ್ತಿರದ ಸಂಬಂಧಿ ಕ್ಯೂಬ್ ಅಲ್ಲ, ಈ ಪುಡಿ. ಹಿಂದೆ ಅಮ್ಮನ ದನಿ ಕೇಳಿಸಿತಾ? 'ಒಳ್ಳೇದಾಯ್ತು ಮಗಾ, ಹಂಗೇ ಪೂರ್ತಿ ಕೆರೆದು ಒರೆಸಿಬಿಡು' ಅನ್ನುತ್ತಿದ್ದಾರೆ. ಒರೆಸಿದ. ನಾನು ಈ ಮನೆಯಲ್ಲಿ ಹುಟ್ಟಿ ಬೆಳೆದು ಒಂದು ಸಲವೂ ಒರೆಸಿಲ್ಲ. ಈಗ ಅಮ್ಮ ಇವನ ಉದಾಹರಣೆಯನ್ನೇ ಕೊಡುತ್ತಾರೆ.

ಸಿನಿಮಾದವರ ಹಿಮ ಬೇರೆಯೇ ಇದೆ. ಮಕ್ಕಳ ಡೈಪರ್ ಒಳಗೆ ಒಂದು ಪುಡಿ ಇರುತ್ತದೆ, ಸೋಡಿಯಂ ಪಾಲಿಅಕ್ರಿಲೇಟ್ ಅಂತ. ನೀರು ಕುಡಿದು ಉಬ್ಬುತ್ತದೆ. ಅದೇ ಜಾತಿಯ ಪುಡಿಯನ್ನು ನಕಲಿ ಹಿಮ ಅಂತ ಪ್ಯಾಕೆಟ್ ಮಾಡಿ ಮಾರುತ್ತಾರೆ. ತರಿಸೋಣವಾ ಅಂದೆ. ಬೇಡ, ಡೈಪರ್ ಮುಟ್ಟುವುದಕ್ಕೆ ನಾನು ಸಮುದ್ರ ದಾಟಿ ಬಂದಿಲ್ಲ ಅಂದ.

ಸರಿ, ಈಗ ಪ್ಯಾಕಿಂಗ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಿಮದಲ್ಲಿ ಜೀವ ತಿನ್ನುವುದು ಚಳಿ ಅಲ್ಲ, ಒದ್ದೆ. ಚಳಿ ಜಾಸ್ತಿ ಆದರೆ ಇನ್ನೊಂದು ಸ್ವೆಟರ್ ಹಾಕಬಹುದು. ಕಾಲುಚೀಲ ಒದ್ದೆ ಆದರೆ ಮುಗೀತು, ಮೈ ಬಿಸಿ ಎಲ್ಲ ಅಲ್ಲಿಂದಲೇ ಸೋರಿ ಹೋಗುತ್ತದೆ. ಅದಕ್ಕೇ ಜೀನ್ಸ್ ಬೇಡ, ಹತ್ತಿ ಕಾಲುಚೀಲ ಬೇಡ. ಉಣ್ಣೆ ಸ್ವಲ್ಪ ಒದ್ದೆ ಆದರೂ ಬೆಚ್ಚಗೇ ಇರುತ್ತದೆ. ಇದನ್ನು ನಮಗೆ ಮನಾಲಿಯವರು ಹೇಳಿಕೊಡಬೇಕಾಗಿಲ್ಲ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬದುಕುವುದೇ ಒಣಗಿಸುವ ವಿದ್ಯೆ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಯೂನಿಫಾರಂ ಹಾಕಿಕೊಂಡು, ಹೊಗೆ ವಾಸನೆ ಹೊಡೆಯುತ್ತಾ ಶಾಲೆಗೆ ಹೋದವರು ನಾವು. ಕಂಬಳಿ ಕೊಪ್ಪೆ, ಗಂಬೂಟು, ಇಂಬಳ (ರಕ್ತ ಹೀರುವ ಜಿಗಣೆ) ಹತ್ತದ ಹಾಗೆ ಮಂಡಿ ಕೆಳಗೆ ಕಟ್ಟುವ ದಪ್ಪ ಕಾಲುಚೀಲ, ಎಲ್ಲ ಮನೆಯಲ್ಲೇ ಇದೆ. ಹಿಮಕ್ಕೆ ಬೇಕಾದ ಸಾಮಾನು ಕಾಫಿ ತೋಟದಲ್ಲೇ ಸಿಗುತ್ತದೆ ಅನ್ನುವುದು ನನ್ನ ವಾದ. ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ಅಲ್ಲಿ ಬಾಡಿಗೆಗೆ ಬೂಟು ಸಿಗುತ್ತದಲ್ಲ ಅಂತ ನೀವು ಕೇಳುತ್ತೀರಿ. ಸಿಗುತ್ತದೆ. ಹಿಂದೆ ನಾನು ಹೋದಾಗ ತಗೊಂಡಿದ್ದೆ. ಒಳಗೆ ಕೈ ಹಾಕಿದರೆ ತಣ್ಣಗೆ, ಒದ್ದೆ. ಬೆಳಿಗ್ಗೆ ಯಾರೋ ಹಾಕಿ ಬಿಚ್ಚಿದ ಬೂಟು, ಮಧ್ಯಾಹ್ನ ನನ್ನ ಕಾಲಿಗೆ. ಬೇರೆ ಕೊಡಿ ಅಂದರೆ ಎಲ್ಲ ಹಾಗೇ ಇರೋದು ಅಂದರು. ಅವತ್ತಿಡೀ ಹಿಮ ನೋಡಲಿಲ್ಲ ನಾನು, ಬೆರಳು ಇದೆಯೋ ಇಲ್ಲವೋ ಅಂತ ನೋಡುತ್ತಿದ್ದೆ. ಆದ್ದರಿಂದ ಗುರುಗೆ ನಮ್ಮೂರಿನ ಗಂಬೂಟೇ ಆಗಬೇಕು, ಹೊಸದೇ ಆಗಬೇಕು.

ಇಲ್ಲಿಂದ ಶುರು ನಮ್ಮ ಗೋಳು. ಗುರು ಕಾಲು 12ನೇ ನಂಬರ್.

ಇದು ಎಂ.ಜಿ. ರೋಡ್. ಅಂಗಡಿ ಹೆಸರು ತೋರಿಸುತ್ತಿಲ್ಲ, ಬ್ಲರ್ ಮಾಡಿದ್ದೇನೆ. 'ಹತ್ತರ ಮೇಲೆ ಬರಲ್ಲ ಸಾರ್.' ಮುಂದಿನ ಅಂಗಡಿ. 'ಹತ್ತು ಲಾಸ್ಟ್ ಸಾರ್.' ಐ.ಜಿ. ರೋಡ್‌ನಲ್ಲಿ ಒಬ್ಬರು ಮಾತೇ ಆಡಲಿಲ್ಲ. ಗುರು ಕಾಲು ನೋಡಿದರು, ಮುಖ ನೋಡಿದರು, ತಲೆ ಅಲ್ಲಾಡಿಸಿದರು. ತೋಟದ ಕೆಲಸದವರಿಗೆ ಅಂತ ರಾಶಿ ರಾಶಿ ಗಂಬೂಟು ಪೇರಿಸಿಟ್ಟಿರುತ್ತಾರೆ, ಎಲ್ಲ ಆರು, ಏಳು, ಎಂಟು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಲಿನವರು ಮಳೆಗಾಲದಲ್ಲಿ ಏನು ಮಾಡುತ್ತಾರೋ ದೇವರಿಗೇ ಗೊತ್ತು.

ಹಾಸನದಲ್ಲಿ ಸಿಗುತ್ತೆ ಅಂದರು. ಹಾಸನಕ್ಕೆ ಹೋದೆವು. ಬಿ.ಎಂ. ರೋಡ್, ಕಟ್ಟಿನಕೆರೆ ಮಾರ್ಕೆಟ್, ಎಲ್ಲ ಸುತ್ತಿದೆವು. ಒಂದು ಕಡೆ 11 ಸಿಕ್ಕಿತು. 650 ರೂಪಾಯಿ. ಪಕ್ಕದಲ್ಲಿದ್ದ 9ನೇ ನಂಬರಿಗೆ 450. ರಬ್ಬರ್ ಜಾಸ್ತಿ ಅಲ್ವಾ ಸಾರ್ ಅಂದರು. ಎರಡು ನಂಬರಿಗೆ 200 ರೂಪಾಯಿಯ ರಬ್ಬರಾ? ಹೋಗಲಿ, ಹಾಕಿ ನೋಡೋಣ ಅಂತ ಹಾಕಿದ. ಒಳಗೇನೋ ಹೋಯಿತು, ಹೊರಗೆ ಬರಲಿಲ್ಲ. ನಾನು ಹಿಮ್ಮಡಿ ಹಿಡಿದು ಎಳೆಯುತ್ತಿರುವುದನ್ನು ನೋಡಿ, ಇದನ್ನು ಕಟ್ ಮಾಡಲಿಲ್ಲ, ಬೇಕಂತಲೇ ಇಟ್ಟಿದ್ದೇನೆ. ಅಂಗಡಿಯವರು ಕೌಂಟರ್ ಹಿಂದಿನಿಂದ ಹೇಳುತ್ತಿದ್ದಾರೆ, 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್.' ಚಪ್ಪಲಿಯ ತೊಗಲು ಸಡಿಲ ಆಗುತ್ತದೆ ಸ್ವಾಮಿ, ಇದು ರಬ್ಬರು. ಚಳಿಗೆ ಇನ್ನೂ ಬಿಗಿಯುತ್ತದೆ. ಅದೂ ಅಲ್ಲದೆ ಬೂಟು ಬಿಗಿ ಆದರೆ ಬೆರಳಿಗೆ ರಕ್ತ ಸರಿಯಾಗಿ ಓಡಲ್ಲ, ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ದಪ್ಪ ಉಣ್ಣೆ ಚೀಲ ಹಾಕಿಯೂ ಬೆರಳು ಆಡಿಸುವಷ್ಟು ಜಾಗ ಬೇಕು. ಇವನಿಗೆ ಒಂದು ಚೀಲಕ್ಕೂ ಜಾಗ ಇರಲಿಲ್ಲ. ಕೊಳ್ಳಲಿಲ್ಲ. ಅಂಗಡಿಯವರಿಗೆ ಸಿಟ್ಟು ಬಂತು, ನಮಗೂ ಬಂತು. ಎದುರಿಗೆ ಹೋಗಿ ಮಸಾಲೆ ದೋಸೆ ತಿಂದೆವು. ದೋಸೆ ಚೆನ್ನಾಗಿತ್ತು, ಚಟ್ನಿ ಸಪ್ಪೆ. ಹಾಸನದವರು ಜಗಳಕ್ಕೆ ಬರಬೇಡಿ, ಬೇರೆ ಕಡೆ ಚೆನ್ನಾಗಿರುತ್ತದೆ ಅಂತ ಗುರು ಹೇಳಿದ್ದಾನೆ.

ಆನ್‌ಲೈನ್‌ನಲ್ಲಿ ತರಿಸಬಹುದಿತ್ತು ಅನ್ನುತ್ತೀರಿ. ನೋಡಿದೆವು. ಬರುವ ತಾರೀಖು, ನಾವು ಹೊರಡುವ ತಾರೀಖಿನ ಮಾರನೇ ದಿನ.

ಕೊನೆಗೆ ಪಾರು ಮಾಡಿದವರು ಇವರು. ಪಕ್ಕದ ತೋಟದ ರೈಟರ್. ಗೊತ್ತಿಲ್ಲದವರಿಗೆ, ತೋಟದಲ್ಲಿ ಹಾಜರಿ, ಲೆಕ್ಕ, ಕೂಲಿ ಎಲ್ಲ ನೋಡಿಕೊಳ್ಳುವವರನ್ನು ರೈಟರ್ ಅಂತೀವಿ. ಆರಡಿ ಮೇಲಿದ್ದಾರೆ. ಅವರು ಕೆಲಸ ಮಾಡುತ್ತಿದ್ದ ತೋಟದ ಸಾಹುಕಾರರು ಅವರಿಗಾಗಿಯೇ ಎಲ್ಲಿಂದಲೋ ತರಿಸಿಕೊಟ್ಟ ಬೂಟು, 12ನೇ ನಂಬರ್. ಜನವರಿಯಲ್ಲಿ ಮಳೆ ಇಲ್ಲ, ಬೂಟು ಅಟ್ಟದ ಮೇಲಿತ್ತು. ಕಾಫಿ ಕುಯ್ಲಿನ ಗಡಿಬಿಡಿಯಲ್ಲೂ ಏಣಿ ಹಾಕಿ ಇಳಿಸಿಕೊಟ್ಟರು. ಎಡಗಾಲಿನ ಬೂಟಿನೊಳಗೆ ಇಲಿ ಗೂಡು ಕಟ್ಟಿತ್ತು. ಗುರು ಚೀರಿದ್ದು ನಿಮಗೂ ಕೇಳಿಸಿರಬೇಕು. ಮರಿ ಇರಲಿಲ್ಲ, ಬರೀ ಗೂಡು. ತೊಳೆದು ಕಾಫಿ ಕಣದಲ್ಲಿ ಹಣ್ಣಿನ ಪಕ್ಕ ಬಿಸಿಲಿಗೆ ಇಟ್ಟೆವು. 'ತೂತು ಮಾಡ್ಕೊಂಡು ಬಂದ್ರೆ ಜೂನ್‌ನಲ್ಲಿ ನೀನೇ ನನ್ನ ಹೊತ್ಕೊಂಡು ಓಡಾಡ್ಬೇಕು ಮರಿ' ಅಂದರು ರೈಟರಣ್ಣ. ಗುರು ಆಗಲಣ್ಣ ಅಂದ. ಹೊಸದೇ ಆಗಬೇಕು ಅಂದಿದ್ದೆನಲ್ಲ, ಆ ಮಾತು ಬಿಡಿ. ಹಳೇ ಬೂಟೇ ವಾಸಿ.

ವಿಮಾನ ನಿಲ್ದಾಣ. ಚೀಲದಲ್ಲಿ ಹಿಡಿಯಲಿಲ್ಲ ಅಂತ ಬೂಟು ಹಾಕಿಕೊಂಡೇ ಬಂದಿದ್ದಾನೆ. ತಪಾಸಣೆಯಲ್ಲಿ ಬಿಚ್ಚಿಸಿದರು. ಅಲ್ಲಿ ಶೂಟ್ ಮಾಡುವ ಹಾಗಿಲ್ಲ, ಇಲ್ಲದಿದ್ದರೆ ತೋರಿಸುತ್ತಿದ್ದೆ. ದೆಹಲಿ. ಬಸ್ಸು. ರಾತ್ರಿ. ವಾಂತಿ, ನನ್ನದು. ಮನಾಲಿ.

ಮನಾಲಿಯಲ್ಲಿ ರಸ್ತೆ ಬದಿಯ ಕೊಳೆ ಗುಡ್ಡೆ ಬಿಟ್ಟರೆ ಹಿಮ ಇರಲಿಲ್ಲ. ಗುರು ಮುಖ ನೋಡಿ. ಟ್ಯಾಕ್ಸಿ ಮಾಡಿಕೊಂಡು ಅಟಲ್ ಸುರಂಗ ದಾಟಿ ಸಿಸ್ಸು ಅನ್ನುವ ಊರಿಗೆ ಹೊರಟೆವು. ದಾರಿಯಲ್ಲಿ ಕೋಟು ಬಾಡಿಗೆಗೆ ತಗೊಂಡೆವು, 300 ರೂಪಾಯಿ. ಬೂಟೂ ತಗೊಳ್ಳಿ ಅಂದರು. ಗುರು ಕಾಲೆತ್ತಿ ರೈಟರಣ್ಣನ ಬೂಟು ತೋರಿಸಿದ. ಸುರಂಗ 9.02 ಕಿಲೋಮೀಟರ್ ಇದೆ, 2020ರಲ್ಲಿ ತೆರೆದರು. ಅದಕ್ಕೆ ಮೊದಲು ಚಳಿಗಾಲದಲ್ಲಿ ರೋಹ್ತಾಂಗ್ ಬೆಟ್ಟದ ದಾರಿ ಮುಚ್ಚಿದರೆ ಆ ಕಡೆಯ ಲಾಹೌಲ್ ಜನರಿಗೆ ತಿಂಗಳುಗಟ್ಟಲೆ ಈ ಕಡೆಗೆ ರಸ್ತೆಯೇ ಇರುತ್ತಿರಲಿಲ್ಲ. ಒಳಗೆ ಹೋಗುವಾಗ ಕಂದು ಬಣ್ಣದ ಬೆಟ್ಟ. ಹೊರಗೆ ಬಂದಾಗ, ಇಗೋ.

ಇಲ್ಲಿ ಸ್ವಲ್ಪ ಹೊತ್ತು ನಾನು ಮಾತಾಡಲ್ಲ, ಅವನನ್ನೇ ನೋಡಿ.

ಮುಗೀತಾ ಅಳು? ಸರಿ. ಮೊದಲು ಮಾಡಿದ್ದು ತಿಂದಿದ್ದು. ರುಚಿ ಏನೂ ಇಲ್ಲ ಅಂದ. ಆಮೇಲೆ ಉಂಡೆ ಕಟ್ಟಿ ನನಗೆ ಹೊಡೆಯಲು ನೋಡಿದ. ಉಂಡೆ ನಿಲ್ಲುತ್ತಲೇ ಇಲ್ಲ, ಅವಲಕ್ಕಿ ಪುಡಿ ಹಾಗೆ ಬೆರಳ ಸಂದಿಯಲ್ಲಿ ಸೋರುತ್ತಿದೆ. ಅಲ್ಲಿ ಆಗ ಮೈನಸ್ 9 ಡಿಗ್ರಿ. ಉಂಡೆ ಕಟ್ಟಬೇಕಾದರೆ ಹಿಮ ಸೊನ್ನೆಯ ಹತ್ತಿರ ಇದ್ದು, ಒಂಚೂರು ಕರಗಿ ಅಂಟಬೇಕು. ಇದು ಒಣ ಹಿಮ. ಹೊಸದಾಗಿ ಬಿದ್ದ ಹಿಮದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ. ಹತ್ತು ಸೆಂಟಿಮೀಟರ್ ಹಿಮ ಕರಗಿಸಿದರೆ ಒಂದು ಸೆಂಟಿಮೀಟರ್ ನೀರು.

ಗುರು ಕೋಟು ಕೊಡವಿಕೊಂಡು ಕೇಳುತ್ತಿದ್ದಾನೆ, 'ಒದ್ದೆ ಒದ್ದೆ ಅಂತಿದ್ದೆ, ಎಲ್ಲಿದೆ ಒದ್ದೆ?' ಕೊಡವಿದರೆ ಬಿದ್ದೇ ಹೋಗುತ್ತಿದೆ, ನಿಜ. ಆದರೆ ಟ್ಯಾಕ್ಸಿಯ ಹೀಟರ್ ಹತ್ತಿರ ಕೂತ ಹತ್ತು ನಿಮಿಷಕ್ಕೆ ಕೋಟಿನ ಮಡಿಕೆಯಲ್ಲಿದ್ದದ್ದೆಲ್ಲ ಕರಗಿ ಸೀಟು ತೊಪ್ಪೆ. ಡ್ರೈವರ್ ಬೈದಿದ್ದು ಹಿಂದಿಯಲ್ಲಿ, ಬೀಪ್ ಹಾಕಿದ್ದೇನೆ. ಕಾಲು ಮಾತ್ರ ಒಣಗೇ ಇತ್ತು. ಮಂಡಿ ತನಕ ಹೂತು ಹೋದರೂ ಬೂಟಿನ ಬಾಯಿಂದ ಹಿಮ ಒಳಗೆ ಹೋಗಲಿಲ್ಲ. ಯಾಕೆ? ಬೂಟಿನ ಮೇಲಿಂದ ಇಂಬಳದ ಚೀಲ ಎಳೆದು ದಾರ ಕಟ್ಟಿದ್ದೆ. ಅಲ್ಲಿದ್ದ ಪಂಜಾಬಿ ಕುಟುಂಬ ಒಂದು ಇದೇನು, ಎಲ್ಲಿ ಸಿಗುತ್ತೆ ಅಂತ ಕೇಳಿತು. ಇಂಬಳ ಅಂದರೇನು ಅಂತ ಹಿಂದಿಯಲ್ಲಿ ವಿವರಿಸುವಷ್ಟರಲ್ಲಿ ನನಗೆ ಸಾಕಾಯಿತು.

ಕಪ್ಪು ಕನ್ನಡಕ ಮರೆಯಬೇಡಿ, ಇದನ್ನು ಮಾತ್ರ ಗಂಭೀರವಾಗಿ ಹೇಳುತ್ತಿದ್ದೇನೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ 80ರಿಂದ 90 ಪರ್ಸೆಂಟ್ ವಾಪಸ್ ಕಣ್ಣಿಗೇ ಹೊಡೆಯುತ್ತದೆ.

ಅಮ್ಮನಿಗೆ ವಿಡಿಯೋ ಕಾಲ್ ಮಾಡುವ ಆಸೆ ಅವನಿಗೆ. ಆದರೆ ಪರೀಕ್ಷೆ. ಅದಕ್ಕೆ ರೈಟರಣ್ಣನಿಗೆ ಮಾಡಿದ. ಸುತ್ತ ಬೆಟ್ಟ, ಹಿಮ, ಹೆಪ್ಪುಗಟ್ಟಿದ ಜಲಪಾತ, ಎಲ್ಲ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಾನೆ. ಅವರು ಹಣ್ಣಿನ ಮೂಟೆ ತೂಕ ಮಾಡಿಸುತ್ತಾ, 'ಅದಿರ್ಲಿ ಮರಿ, ಬೂಟು ತೋರ್ಸು' ಅನ್ನುತ್ತಿದ್ದಾರೆ. ಬಲಗಾಲು ತೋರಿಸಿದ. ಎಡಗಾಲು ಎತ್ತುವಷ್ಟರಲ್ಲಿ ಅವನ ಫೋನು 31 ಪರ್ಸೆಂಟ್‌ನಿಂದ ನೇರ ಆಫ್. ಚಳಿಗೆ ಬ್ಯಾಟರಿ ಹೀಗೇ ಕೈಕೊಡುತ್ತದೆ, ಒಳಜೇಬಿನಲ್ಲಿ ಮೈಗೆ ಹತ್ತಿಸಿ ಇಟ್ಟುಕೊಳ್ಳಬೇಕು. ನನ್ನ ಕ್ಯಾಮೆರಾದ್ದೂ ಈಗ ಕೆಂಪು ತೋರಿಸುತ್ತಿದೆ, ಮೂಲೆಯಲ್ಲಿ ನೋಡಿ. ಗುರು ಜಾರುಬಂಡಿ ಮೇಲಿಂದ ಉರುಳಿದ್ದು ಇದಾದ ಮೇಲೆ, ಅದು ಡ್ರೈವರ್ ಫೋನಿನಲ್ಲಿದೆ, ಕಳಿಸುತ್ತೇನೆ ಅಂದಿದ್ದಾರೆ, ಸೀಟಿನ ಸಿಟ್ಟು ಇಳಿದರೆ. ಬಂದರೆ ಹಾಕುತ್ತೇನೆ. ಹಾಸನದಲ್ಲಿ 12ನೇ ನಂಬರ್ ಎಲ್ಲಾದರೂ ಸಿಕ್ಕರೆ ಅಂಗಡಿ ಎಲ್ಲಿ ಅಂತ