ತಳ್ಳುವವರಿಲ್ಲದೆ ಘಾಟಿ ಹತ್ತುವ ರೈಲು

ಕೇಳುಗರಿಗೆ ನಮಸ್ಕಾರ.

ಮುಂಬಯಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಹೋಗುವ ನಮ್ಮವರಿಗೆಲ್ಲ ಕರ್ಜತ್ ಗೊತ್ತು. ಗಾಡಿ ನಿಂತಾಗ ವಡಾಪಾವ್ ಕಿಟಕಿಗೇ ಬರುತ್ತದೆ. ಅಷ್ಟರಲ್ಲಿ ಹಿಂದಿನ ಬೋಗಿಯವರಿಗೆ ಧಡ್ ಎಂದು ಒಂದು ಗುದ್ದು. ಬ್ಯಾಂಕರ್, ಅಂದರೆ ಹಿಂದಿನಿಂದ ತಳ್ಳುವ ಎಂಜಿನ್, ಬಂದು ಕೂಡಿಕೊಂಡಿತು ಎಂದು ಅರ್ಥ.

ಮುಂದಿರುವುದು ಬೋರ್ ಘಾಟಿ. ಅಲ್ಲಿ ಹಳಿ ಪ್ರತಿ 37 ಮೀಟರಿಗೆ ಒಂದು ಮೀಟರ್ ಏರುತ್ತದೆ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಕಚ್ಚುವುದು ತನ್ನ ಮೇಲಿರುವ ಭಾರಕ್ಕೆ ತಕ್ಕಷ್ಟೇ. ಅದನ್ನು ಮೀರಿ ಎಳೆಯಹೋದರೆ ಎಂಥ ಬಲಶಾಲಿ ಎಂಜಿನ್ನಿನ ಗಾಲಿಯೂ ನಿಂತಲ್ಲೇ ಗರಗರ ತಿರುಗುತ್ತದೆ. ಹಾಗಾಗಿ, ಏರಿನಲ್ಲಿ ಹೇರು ತುಂಬಿದ ಬಂಡಿಗೆ ಹಿಂದಿನಿಂದ ಹೆಗಲು ಕೊಡುವಂತೆ, ಬ್ಯಾಂಕರ್ ಬೇಕು.

2023ರ ಫೆಬ್ರುವರಿಯಲ್ಲಿ ಶುರುವಾದ ಮುಂಬಯಿ–ಸೊಲ್ಲಾಪುರ ವಂದೇ ಭಾರತ್ ಈ ಘಾಟಿಯನ್ನು ಬ್ಯಾಂಕರ್ ಇಲ್ಲದೆ ಹತ್ತುತ್ತದೆ. ಅದಕ್ಕೆ ಪ್ರತ್ಯೇಕ ಎಂಜಿನ್ನೇ ಇಲ್ಲ. ಒಂದು ಬಿಟ್ಟು ಒಂದು ಬೋಗಿಯ ಅಡಿಯಲ್ಲಿ ಮೋಟಾರುಗಳಿವೆ. ಅರ್ಧದಷ್ಟು ಗಾಲಿಗಳು ತಾವೇ ಹಳಿ ಕಚ್ಚಿ ಮೇಲೇರುತ್ತವೆ. ಏರಿನ ನಡುವೆ ನಿಂತರೆ ಹಿಂದಕ್ಕೆ ಜಾರದಂತೆ ಹಿಡಿದಿಡಲು ಪಾರ್ಕಿಂಗ್ ಬ್ರೇಕ್ ಇದೆ. ಪತ್ರಿಕೆಗಳು ಗಂಟೆಗೆ 160 ಕಿಲೋಮೀಟರ್ ಎಂದು ದಪ್ಪಕ್ಷರದಲ್ಲಿ ಹಾಕುತ್ತವೆ. ನನ್ನನ್ನು ಕೇಳಿದರೆ, ಎಂಜಿನಿಯರುಗಳ ಬೆನ್ನು ತಟ್ಟಬೇಕಾದದ್ದು ಈ ಏರಿಗಾಗಿ.

ಏಕೆಂದರೆ 160 ನಮ್ಮ ದಾರಿಯಲ್ಲಿ ಬಹುಮಟ್ಟಿಗೆ ಕಾಗದದ ಮಾತು. ಸೊಲ್ಲಾಪುರಕ್ಕೆ 455 ಕಿಲೋಮೀಟರ್, ಸುಮಾರು ಆರೂವರೆ ಗಂಟೆ. ಸರಾಸರಿ ಲೆಕ್ಕ ಹಾಕಿ, 70 ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಪುಣೆ–ಹುಬ್ಬಳ್ಳಿ ಗಾಡಿಯದೂ ಇದೇ ಕಥೆ: ಮಿರಜ್, ಬೆಳಗಾವಿ ದಾಟಿ ಹುಬ್ಬಳ್ಳಿ ಮುಟ್ಟಲು ಎಂಟೂವರೆ ಗಂಟೆ. ತಿರುವು, ಸಿಗ್ನಲ್, ಮುಂದೆ ಹೋಗುತ್ತಿರುವ ಗೂಡ್ಸ್ ಗಾಡಿ ಇವೆಲ್ಲ ಹೊಸ ಬೋಗಿಗೆ ಮರ್ಯಾದೆ ಕೊಡುವುದಿಲ್ಲ.

ಗಾಡಿ ಕಟ್ಟಿ ಮುಗಿಸಿದ ಮಾತ್ರಕ್ಕೆ ಅದು ನಮ್ಮ ಪ್ಲಾಟ್‌ಫಾರ್ಮಿಗೂ ಬರುವುದಿಲ್ಲ. ವಂದೇ ಭಾರತ್ ಸ್ಲೀಪರಿನ ಮೊದಲ ಮಾದರಿಯನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ಬಿಇಎಂಎಲ್. 2024ರ ಸೆಪ್ಟೆಂಬರಿನಲ್ಲಿ ಅಲ್ಲೇ ಅನಾವರಣವಾಯಿತು. ಆಮೇಲೆ ರಾಜಸ್ಥಾನದ ಕೋಟಾ ವಿಭಾಗದಲ್ಲಿ, ಪ್ರಯಾಣಿಕರಷ್ಟು ಭಾರ ಹೇರಿ, 180ರ ವೇಗದಲ್ಲಿ ಓಡಿಸಿ ನೋಡಿದರು. ಮೇಜಿನ ಮೇಲಿಟ್ಟ ಲೋಟದ ನೀರು ಚೆಲ್ಲದ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು.

ಅದೇ ಬಿಇಎಂಎಲ್‌ಗೆ ಗಂಟೆಗೆ 280 ಕಿಲೋಮೀಟರ್ ವೇಗಕ್ಕೆ ವಿನ್ಯಾಸಗೊಳಿಸಿದ ಎರಡು ಗಾಡಿಗಳ ಗುತ್ತಿಗೆಯೂ ಸಿಕ್ಕಿದೆ; ಒಂದೊಂದಕ್ಕೆ ಎಂಟು ಬೋಗಿ, ಒಟ್ಟು 866.87 ಕೋಟಿ ರೂಪಾಯಿ. ಅವು ಓಡಬೇಕಾಗಿರುವ ಮುಂಬಯಿ–ಅಹಮದಾಬಾದ್ ಬುಲೆಟ್ ರೈಲಿನ ಹಳಿಯ ಅಗಲ 1435 ಮಿಲಿಮೀಟರ್, ನಮ್ಮ ಮಾಮೂಲಿ ಬ್ರಾಡ್‌ಗೇಜಿನದು 1676. ಆ ಹಳಿಗೆಂದು ಕಟ್ಟಿದ ಗಾಡಿ ಬೆಂಗಳೂರಿನಿಂದ ಇಲ್ಲಿಗೆ ತನ್ನ ಗಾಲಿಗಳ ಮೇಲೆ ಓಡಿ ಬರಲಾರದು. 2021ರಲ್ಲಿ ಮುಂಬಯಿ ಮೆಟ್ರೋದ ಬೋಗಿಗಳು ಹೀಗೆಯೇ ಬೆಂಗಳೂರಿನಿಂದ ಟ್ರೇಲರ್ ಏರಿ ಚಾರ್ಕೋಪ್ ಡಿಪೋಗೆ ಬಂದಿಳಿದವು.

ಬುಲೆಟ್ ರೈಲು ಬರಲಿ, ಸಂತೋಷ. ಆದರೆ ಮುಂಬಯಿ ಕನ್ನಡಿಗರಿಗೆ ಬೇಕಾಗಿರುವುದು ರಾತ್ರಿ ಊಟ ಮಾಡಿ ಹತ್ತಿದರೆ ಬೆಳಗಿನ ಹೊತ್ತಿಗೆ ಬೆಂಗಳೂರಿನಲ್ಲಿ ಇಳಿಸುವ ಗಾಡಿ. ಸ್ಲೀಪರ್ ಸಿದ್ಧವಾಗಿದೆ. ಇನ್ನು ಹಳಿಯ ಕೆಲಸಕ್ಕೆ ಹಣ, ವೇಳಾಪಟ್ಟಿಯಲ್ಲಿ ಜಾಗ ಇವೆರಡನ್ನು ಕೇಳಿ ನಮ್ಮ ಸಂಘಗಳು ರೈಲ್ವೆಗೆ ಬರೆಯಬೇಕು.

ನಮಸ್ಕಾರ.